ಒಂಬತ್ತನೆಯ ಶ್ಲೋಕ

ವ್ಯಾಸರಾಜಾಚಾರ್ಯರು ಒಳ್ಳೆಯ ಮನುಷ್ಯರಾಗಿದ್ದರು ಎಂದು ನಾನು ಬರೆಯಲಾರೆ. ಸತ್ತವರನ್ನೆಲ್ಲ ಸಜ್ಜನರು, ಅಜಾತಶತ್ರುಗಳು ಎಂದು ಬರೆಯುವುದು ನಮ್ಮಲ್ಲಿ ರೂಢಿ. ಇವರಿಗೆ ಶತ್ರುಗಳು ಬೇಕಾದಷ್ಟು ಮಂದಿ ಇದ್ದರು. ಅವರಲ್ಲಿ ಮುಕ್ಕಾಲುಪಾಲು ಇವರ ಬಾಯಿಯಿಂದಲೇ ಆದವರು. ಮೂಗಿನ ತುದಿಯಲ್ಲಿ ಕೋಪ, ಮೂಗಿನೊಳಗೆ ನಸ್ಯ. ಅವರ ಪಕ್ಕದಲ್ಲಿ ಕೂತು ವರ್ಷಗಟ್ಟಲೆ ಸೀನಿದವನು ನಾನು. ಆದರೆ ಅವರು ಕವಿ. ನಮ್ಮ ಕಾಲದಲ್ಲಿ, ನಮ್ಮ ಊರಿನಲ್ಲಿ, ಸಂಸ್ಕೃತದಲ್ಲಿ ಬರೆದ ಕವಿ. ಇದನ್ನು ಹೇಳಬೇಕಾಗಿದ್ದ ಪಂಡಿತರು ಹೇಳಲಿಲ್ಲ. ಆದ್ದರಿಂದ ಸಂಸ್ಕೃತದ ಗಂಧವಿಲ್ಲದ ಗಣಿತದ ಮೇಷ್ಟ್ರು ಹೇಳಬೇಕಾಗಿ ಬಂದಿದೆ.

ನನ್ನ ಹೆಸರು ರಂಗನಾಯಕ. ಹುಟ್ಟೂರು ಹದಿನಾರು ಎಂಬ ಹಳ್ಳಿ, ಮನೆ ನಂಜನಗೂಡಿನಲ್ಲಿ, ಕೆಲಸ ನರಸೀಪುರದ ಹೈಸ್ಕೂಲಿನಲ್ಲಿ. ಆಚಾರ್ಯರದ್ದೂ ನಂಜನಗೂಡೇ, ಅದೇ ಸ್ಕೂಲು, ಅದೇ ಬಸ್ಸು. ಬೆಳಿಗ್ಗೆ ಹೋಗುವಾಗ ಅವರು ಕಿಟಕಿಯ ಪಕ್ಕ, ನಾನು ಅವರ ಪಕ್ಕ. ಸಂಜೆ ಬರುವಾಗಲೂ ಹಾಗೆಯೇ. ಮನೆಯಲ್ಲಿ ಹೆಂಡತಿ ಅಂಬುಜಮ್ಮನನ್ನು ಬಿಟ್ಟರೆ ಇನ್ನಾರೂ ಇರಲಿಲ್ಲ. ಮಕ್ಕಳಾಗಿರಲಿಲ್ಲ. ಆ ವಿಷಯವನ್ನು ಅವರು ನನ್ನ ಹತ್ತಿರ ಒಂದೇ ಸಲ ಎತ್ತಿದ್ದು. ಮಕ್ಕಳಿಲ್ಲದಿದ್ದರೆ ಬೇಡ, ನನ್ನ ಹೆಸರು ಹೇಳುವುದಕ್ಕೆ ನಾಲ್ಕು ಸಾಲು ಉಳಿದರೆ ಸಾಕು ಎಂದಿದ್ದರು. ಈ ಜನ್ಮದಲ್ಲಿ ಅವರು ಕೇಳಿಕೊಂಡದ್ದು ಅದೊಂದನ್ನೇ.

ಆಗೆಲ್ಲ ನಮ್ಮ ಸ್ಕೂಲಿನಲ್ಲಿ ಸಂಸ್ಕೃತಕ್ಕೆ ಭಾರಿ ಗಿರಾಕಿ. ಭಕ್ತಿಯಿಂದಲ್ಲ, ಅಂಕಕ್ಕಾಗಿ. ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ತೆಗೆದುಕೊಂಡರೆ ಮುಕ್ಕಾಲು ಉತ್ತರ ಕನ್ನಡದಲ್ಲೇ ಬರೆಯಬಹುದಿತ್ತು, ಅಂಕ ಧಾರಾಳವಾಗಿ ಬೀಳುತ್ತಿತ್ತು. ಬನ್ನೂರಿನ ಕಬ್ಬಿನ ಗದ್ದೆಯವರು ತಾವೇ ಬಂದು ಮಕ್ಕಳನ್ನು ಸಂಸ್ಕೃತಕ್ಕೆ ಹಾಕಿಸಿ ಹೋಗುತ್ತಿದ್ದರು. ಪಾಠವೆಂದರೆ ಉತ್ತರ ಹೇಳಿ ಬರೆಸುವುದು. ಒಂದು ಪ್ರಶ್ನೆ, ಒಂದು ಉತ್ತರ, ಮೂರು ಸಲ ಒಟ್ಟಾಗಿ ಕೂಗುವುದು. ಅವರ ತರಗತಿಗೂ ನನ್ನ ತರಗತಿಗೂ ನಡುವೆ ಇದ್ದದ್ದು ಹಲಗೆಯ ಗೋಡೆ. ಅವರ ಮಕ್ಕಳು ಕೂಗಿದ ಉತ್ತರ ನನ್ನ ಮಕ್ಕಳಿಗೂ ಬಾಯಿಪಾಠವಾಗುತ್ತಿತ್ತು, ನನ್ನ ಪ್ರಮೇಯ ಮಾತ್ರ ಯಾರಿಗೂ ಆಗುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಆಚಾರ್ಯರು ನಿಜವಾಗಿ ಭಾಷೆಯನ್ನೇ ಕಲಿಸಲು ಹೊರಟಿದ್ದರಂತೆ. ಅಂಕ ಇಳಿಯಿತು, ಹೆತ್ತವರು ಹೆಡ್‌ಮಾಸ್ಟರರ ಹತ್ತಿರ ದೂರು ತಂದರು. ಅಲ್ಲಿಗೆ ಆ ಹುಚ್ಚು ಬಿಟ್ಟಿತು.

ಅವರು ನಿಜವಾಗಿ ಪಾಠ ಮಾಡುತ್ತಿದ್ದದ್ದು ಬಸ್ಸಿನಲ್ಲಿ, ನನ್ನೊಬ್ಬನಿಗೆ. ಋಷಿಗಳು ಬೆಳಗಿನ ಬೆಳಕನ್ನು ಹಾಡಿದ್ದರಿಂದ ಹಿಡಿದು ರಾಜರ ಆಸ್ಥಾನಗಳು, ನಾಟಕಗಳು, ಪುಟಗಟ್ಟಲೆ ಮುಗಿಯದ ಗದ್ಯ, ರಸವೇ ದೊಡ್ಡದೋ ಅಲಂಕಾರವೇ ದೊಡ್ಡದೋ ಎಂದು ತಲೆಮಾರುಗಟ್ಟಲೆ ನಡೆದ ಜಗಳ, ಎಲ್ಲವನ್ನೂ ನಾನು ಆ ಸೀಟಿನಲ್ಲೇ ಕೇಳಿದ್ದು. ಅವರ ಸಿಟ್ಟೆಲ್ಲ ಕೊನೆಯ ಅಧ್ಯಾಯದ ಮೇಲೆ. ಸಂಸ್ಕೃತ ಸಾಹಿತ್ಯದ ಚರಿತ್ರೆ ಬರೆದವರೆಲ್ಲ ಮೂರು ನಾಲ್ಕು ಶತಮಾನದ ಹಿಂದೆಯೇ ಬಾಗಿಲು ಹಾಕಿಬಿಡುತ್ತಾರೆ, ಆಮೇಲೆ ಬಂದದ್ದೆಲ್ಲ ಅನುಕರಣೆ ಎಂದು ಅರ್ಧ ಪುಟದಲ್ಲಿ ಕೈ ತೊಳೆದುಕೊಳ್ಳುತ್ತಾರೆ ಎನ್ನುತ್ತಿದ್ದರು. ಈಗಲೂ ಕೇರಳದಲ್ಲಿ, ಕಾಶಿಯಲ್ಲಿ, ಮೈಸೂರಿನ ಅಗ್ರಹಾರಗಳಲ್ಲಿ ಕೂತು ರೈಲಿನ ಮೇಲೆ, ಬರಗಾಲದ ಮೇಲೆ, ಚುನಾವಣೆಯ ಮೇಲೆ ಸಂಸ್ಕೃತದಲ್ಲಿ ಪದ್ಯ ಬರೆಯುವವರಿದ್ದಾರಂತೆ.

"ಯಾರೂ ಓದಲ್ಲ ಕಣ್ರೀ. ಯಾಕೆ ಅಂದ್ರೆ ಅವರಿನ್ನೂ ಸತ್ತಿಲ್ಲ" ಎಂದು ಒಂದು ಚಿಟಿಕೆ ನಸ್ಯ ಏರಿಸುತ್ತಿದ್ದರು. ನಾನು ಸೀನುತ್ತಿದ್ದೆ.

ಅವರೂ ಬರೆಯುತ್ತಾರೆಂದು ನನಗೆ ಗೊತ್ತಾದದ್ದು ಬೆರಳುಗಳಿಂದ. ಬಸ್ಸು ಹೊರಟರೆ ಸಾಕು, ಮುಂದಿನ ಸೀಟಿನ ಕಂಬಿಯ ಮೇಲೆ ಬೆರಳು ಕುಟ್ಟುತ್ತ ತುಟಿ ಅಲ್ಲಾಡಿಸುತ್ತಿದ್ದರು. ಒಮ್ಮೆ ಕುಟ್ಟಿದರೆ ಲಘು, ಒತ್ತಿ ಹಿಡಿದರೆ ಗುರು. ಕಂಡಕ್ಟರ್ ಪುಟ್ಟರಾಜು ಒಂದು ದಿನ ನನ್ನ ಕಿವಿಯಲ್ಲಿ, "ಆಚಾರ್ರು ಯಾಕ್ ಸಾ ಇಂಗಾಡ್ತರೆ? ಯಾರಾರ ಮಾಟ ಮಾಡ್ಸವ್ರಾ?" ಎಂದು ಕೇಳಿದ್ದ. ಸಾಲು ಕೂಡಿಬಂದರೆ ನಸ್ಯದ ಡಬ್ಬಿ ತೆರೆಯುತ್ತಿತ್ತು. ಆಮೇಲೆ ಸಾಲನ್ನು ನನಗೆ ಹೇಳಿ, ಅರ್ಥ ಬಿಡಿಸಿ, ಹೇಗಿದೆ ಎಂದು ಕೇಳುತ್ತಿದ್ದರು. ಚೆನ್ನಾಗಿದೆ ಎಂದರೆ, ನಿಮಗೇನು ಗೊತ್ತು ಎಂದು ಬಯ್ಯುತ್ತಿದ್ದರು. ಸುಮ್ಮನಿದ್ದರೂ ಬಯ್ಯುತ್ತಿದ್ದರು.

ಎಪ್ಪತ್ತರ ದಶಕದ ನಡುವೆ ಮೇಲುಗಡೆ ನಮ್ಮೂರ ಹೊಳೆ ಕಪಿಲೆಗೆ ಅಣೆಕಟ್ಟು ಎದ್ದಿತು. ಗದ್ದೆಯವರಿಗೆ ಅನುಕೂಲವಾಯಿತು, ಅದರಲ್ಲಿ ಎರಡು ಮಾತಿಲ್ಲ, ನಮ್ಮಪ್ಪನೇ ಕುಣಿದಾಡಿದ. ಆದರೆ ಬೇಸಗೆಯಲ್ಲಿ ನಂಜನಗೂಡಿನ ಸ್ನಾನಘಟ್ಟದ ಮೆಟ್ಟಿಲುಗಳ ಕೆಳಗೆ ಬರಿಯ ಕಲ್ಲು ಕಾಣತೊಡಗಿತು. ಅಲ್ಲಿ ಗೇಟು ಎತ್ತಿದರೆ ಇಲ್ಲಿ ನೀರು. ಒಂದು ಬೆಳಿಗ್ಗೆ ಅಂಬುಜಮ್ಮ ಬರಿಯ ಕೊಡ ಹಿಡಿದು ಹಿಂದಿರುಗಿ ಬಂದು, ಮನೆಗೆಲಸದವಳು ಬಂದಿಲ್ಲ ಎನ್ನುವ ಧಾಟಿಯಲ್ಲೇ, "ಇವತ್ತು ಹೊಳೆ ಬಂದಿಲ್ಲ" ಎಂದರಂತೆ. ಆ ದಿನ ಬಸ್ಸಿನಲ್ಲಿ ಆಚಾರ್ಯರ ಬೆರಳು ನರಸೀಪುರದವರೆಗೂ ನಿಲ್ಲಲಿಲ್ಲ.

ಹಾಗೆ ಹುಟ್ಟಿದ್ದು ಎಂಟು ಶ್ಲೋಕ. ಹೆಸರು 'ನದೀಪ್ರತೀಕ್ಷಾ', ಅಂದರೆ ಹೊಳೆಯ ದಾರಿ ಕಾಯುವುದು. ಸಂಸ್ಕೃತಕ್ಕೆ ನನ್ನ ನಾಲಗೆ ಹೊರಳುವುದಿಲ್ಲ, ಅವರು ಬಿಡಿಸಿ ಹೇಳಿದ ಅರ್ಥವನ್ನೇ ಹೇಳುತ್ತೇನೆ. ಕಾವೇರಿ ಅಕ್ಕ, ಕಪಿಲೆ ತಂಗಿ. ತಂಗಿ ನರಸೀಪುರದಲ್ಲಿರುವ ಅಕ್ಕನ ಮನೆಗೆ ಹೊರಟಿದ್ದಾಳೆ. ದಾರಿಯಲ್ಲಿ ಬಾಗಿಲು ಕಾಯುವವನೊಬ್ಬ ತಡೆದಿದ್ದಾನೆ. ಅವನಿಗೆ ಅವಳ ಆಳ ಗೊತ್ತು, ಅಗಲ ಗೊತ್ತು, ಹೆಸರು ಗೊತ್ತಿಲ್ಲ. ಅಕ್ಕ ಅಲ್ಲಿ ಅಡುಗೆ ಮಾಡಿಟ್ಟು ಬೀದಿ ನೋಡುತ್ತಿದ್ದಾಳೆ. ನಡುವಿನ ಊರಿನ ಮೆಟ್ಟಿಲ ಮೇಲೆ ಒಬ್ಬ ಹೆಂಗಸು ಬರಿಯ ಕೊಡ ಹಿಡಿದು ನಿಂತಿದ್ದಾಳೆ. ಕೇಳಿ ನನಗೆ ಕಣ್ಣು ಒದ್ದೆಯಾಯಿತು. ಧೂಳು ಬಿತ್ತು ಎಂದು ಸುಳ್ಳು ಹೇಳಿದೆ.

ನಮ್ಮೂರಿನ ಮಠವೊಂದರಲ್ಲಿ ವರ್ಷಕ್ಕೊಮ್ಮೆ ವಿದ್ವತ್ಸಭೆ ನಡೆಯುತ್ತಿತ್ತು. ಹಿರಿಯ ವಿದ್ವಾಂಸರು, ಶಾಸ್ತ್ರಚರ್ಚೆ, ಕೊನೆಗೆ ಶಾಲು. ಅಧ್ಯಕ್ಷತೆಗೆ ಮೈಸೂರಿನಿಂದ ಬರುತ್ತಿದ್ದವರು ಪ್ರೊಫೆಸರ್ ಬದರೀನಾರಾಯಣ. ಇವರೂ ಆಚಾರ್ಯರೂ ಪಾಠಶಾಲೆಯಲ್ಲಿ ಒಂದೇ ಕೋಣೆಯಲ್ಲಿದ್ದವರು, ವಾರಾನ್ನದ ಮನೆಗಳನ್ನು ಹಂಚಿಕೊಂಡು ಉಂಡವರು. ಅಲ್ಲಿ ಸಂಸ್ಕೃತ ಅಂತ್ಯಾಕ್ಷರಿ ಸ್ಪರ್ಧೆ ಇರುತ್ತಿತ್ತಂತೆ. ಎದುರಿನವರ ಶ್ಲೋಕ ಮುಗಿದ ಅಕ್ಷರದಿಂದ ಇನ್ನೊಂದು ಶ್ಲೋಕ ಹೇಳಬೇಕು, ಹಳೆಯ ಕಾವ್ಯಗಳಿಂದಲೇ ಹೇಳಬೇಕು, ಸ್ವಂತದ್ದು ನಡೆಯದು. ನೆನಪಿಗೆ ಬಾರದಿದ್ದರೆ ನಮ್ಮ ಆಚಾರ್ಯರು ನಿಂತ ನಿಲುವಿನಲ್ಲಿ ಒಂದು ಕಟ್ಟಿ, ಇಲ್ಲದ ಕಾವ್ಯದ ಹೆಸರು ಹೇಳಿ, ಇಷ್ಟನೆಯ ಸರ್ಗ ಎಂದು ಸರ್ಗವನ್ನೂ ಸೇರಿಸಿ ಗೆದ್ದುಬಿಡುತ್ತಿದ್ದರು. ಗುಟ್ಟು ಗೊತ್ತಿದ್ದದ್ದು ಬದರೀನಾರಾಯಣರಿಗೊಬ್ಬರಿಗೆ, ಏಕೆಂದರೆ ಇಬ್ಬರೂ ಒಂದೇ ತಂಡ. ಇದನ್ನು ಆಚಾರ್ಯರು ನನಗೆ ಹೇಳಿದ್ದು ಹೆಮ್ಮೆಯಿಂದ.

ಒಂದು ವರ್ಷ ಮಠದ ಸಭೆಯಲ್ಲಿ ಅವರು ಮೊದಲ ಸಲ ತಮ್ಮ ಹೆಸರಿನಲ್ಲೇ ಒಂದು ಶ್ಲೋಕ ಓದಿದರು. ಹೊಳೆಯದಲ್ಲ, ಅದಕ್ಕಿಂತ ಹಿಂದೆ ಬರೆದದ್ದು. ಎರಡನೆಯ ಸಾಲಿಗೇ ಹಿರಿಯರೊಬ್ಬರು ಎಲೆಯಡಿಕೆಯ ತಟ್ಟೆಗೆ ಕೈ ಹಾಕಿದರಂತೆ. ಮುಗಿದ ಮೇಲೆ, ಹಳಬರು ಉಣ್ಣಲಾರದಷ್ಟು ಬಡಿಸಿ ಹೋಗಿದ್ದಾರೆ, ಈಗಿನವರು ಒಲೆ ಹಚ್ಚುವ ಶ್ರಮ ಯಾಕೆ ಎಂದು ಇನ್ನೊಬ್ಬರು ನಕ್ಕರು. ಸಭೆಯೇ ನಕ್ಕಿತು. ಆಚಾರ್ಯರು ಅವರನ್ನು ಎಮ್ಮೆ ಎಂದರು. ಅದೂ ಸಂಸ್ಕೃತದಲ್ಲಿ, ಆದ್ದರಿಂದ ಎಲ್ಲರಿಗೂ ಅರ್ಥವಾಯಿತು.

ಮರುವರ್ಷ ಇವರು ಪಾಠಶಾಲೆಯ ಹಳೆಯ ವಿದ್ಯೆಯನ್ನು ಹೊರಗೆ ತೆಗೆದರು. ಎದ್ದು ನಿಂತು, ನನ್ನ ತಾತ ಬೆಳಿಗ್ಗೆ ಹೊಳೆಯಲ್ಲಿ ನಿಂತು ಹೇಳುತ್ತಿದ್ದ ಪ್ರಾಚೀನ ಶ್ಲೋಕವೊಂದಿದೆ, ಕರ್ತೃ ಯಾರೋ ತಿಳಿಯದು, ಅಪ್ಪಣೆಯಾದರೆ ಹೇಳುತ್ತೇನೆ ಎಂದರು. ಹೇಳಿದ್ದು 'ನದೀಪ್ರತೀಕ್ಷಾ'ದ ಮೊದಲನೆಯದು. ಹಿಂದಿನ ವರ್ಷ ನಕ್ಕವರೇ ಕಣ್ಣು ಮುಚ್ಚಿ ತಲೆದೂಗಿದರು. ಇನ್ನೊಮ್ಮೆ ಎಂದರು. ಮತ್ತೊಮ್ಮೆ ಎಂದರು. ಶಾಲು ಹೊದಿಸಿದರು. ಬದರೀನಾರಾಯಣರು ಇವರ ಮುಖವನ್ನೇ ನೋಡುತ್ತಿದ್ದರಂತೆ.

ಮಾರನೆಯ ದಿನ ಬಸ್ಸಿನಲ್ಲಿ ಆಚಾರ್ಯರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎಂಟನ್ನೂ ಹೀಗೇ ಉಣಿಸಿ, ಚಪ್ಪರಿಸಿದ ಮೇಲೆ ಅಡುಗೆಯವನು ನಾನೇ ಎನ್ನುತ್ತೇನೆ, ಆಗ ಅವರ ಮುಖ ನೋಡಬೇಕು ಎಂದರು. ನನಗೆ ಅದು ಹಿಡಿಸಲಿಲ್ಲ, ಈಗಲೇ ಹೇಳಿಬಿಡಿ ಎಂದೆ. ಗಣಿತದವರಿಗೆ ರಸ ತಿಳಿಯದು ಎಂದು ನನ್ನ ಬಾಯಿ ಮುಚ್ಚಿಸಿದರು. ಇಷ್ಟು ಬುದ್ಧಿವಂತ ಮನುಷ್ಯ ಇಷ್ಟು ದೊಡ್ಡ ದಡ್ಡತನ ಮಾಡುವುದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ.

ಉಳಿದ ಶ್ಲೋಕಗಳನ್ನು ಬದರೀನಾರಾಯಣರೇ ಬೆನ್ನು ಹತ್ತಿ ಕೇಳಿ ಬರೆದುಕೊಂಡರು. ಮಠದ ಜಗುಲಿಯಲ್ಲಿ ಕೂತು ಇವರು ಹೇಳಿದ್ದು, ಅವರು ಬರೆದದ್ದು. ಮುಂದಿನ ಸಭೆಯ ಹೊತ್ತಿಗೆ ಸಣ್ಣದೊಂದು ಪುಸ್ತಕವೇ ಅಚ್ಚಾಗಿ ಬಂತು. ಅಜ್ಞಾತ ಕವಿಯ ಅಪೂರ್ವ ಕೃತಿ, ಹದಿನಾರನೆಯ ಶತಮಾನದ್ದು, ಸಂಶೋಧನೆ ಮತ್ತು ವ್ಯಾಖ್ಯಾನ ಪ್ರೊಫೆಸರ್ ಬದರೀನಾರಾಯಣ. ತಂಗಿ ಎಂದರೆ ಜೀವಾತ್ಮ, ಅಕ್ಕ ಎಂದರೆ ಪರಮಾತ್ಮ, ಬಾಗಿಲು ಕಾಯುವವನು ಮಾಯೆ, ಬರಿಯ ಕೊಡದ ಹೆಂಗಸು ವಿರಕ್ತಿ ಹೊಂದಿದ ಸಾಧಕ. ಕವಿ ಬಹುಶಃ ಸಂನ್ಯಾಸಿಯಾಗಿದ್ದಿರಬೇಕು ಎಂದೂ ಮುನ್ನುಡಿಯಲ್ಲಿತ್ತು. ಕೊನೆಯಲ್ಲಿ, ಪಾಠ ಒದಗಿಸಿದ ಸ್ಥಳೀಯ ಉಪಾಧ್ಯಾಯರಿಗೆ ಕೃತಜ್ಞತೆ. ಉಪಾಧ್ಯಾಯರಿಗೆ ಹೆಸರಿರಲಿಲ್ಲ.

ನಾನು ಅವರ ಮನೆಗೆ ಹೋದಾಗ ಅಂಬುಜಮ್ಮ ಕಾಫಿ ತಂದಿಟ್ಟು, ಬಾಗಿಲಿನ ಹತ್ತಿರವೇ ನಿಂತರು. ಮುನ್ನುಡಿಯನ್ನು ಗಂಡ ಓದಿ ಹೇಳಿದ್ದರು.

"ಕವಿ ಸಂನ್ಯಾಸಿಯಂತೆ, ರಂಗನಾಯಕ್ರೇ. ಹಾಗಾದ್ರೆ ನಾನು ಯಾರ ಹೆಂಡತಿ? ಆ ಕೊಡ ನಂದು. ಬಚ್ಚಲಲ್ಲಿದೆ, ಬೇಕಾದ್ರೆ ನೋಡಿ" ಎಂದರು. ನಗುತ್ತಿದ್ದರೋ ಅಳುತ್ತಿದ್ದರೋ ನನಗೆ ತಿಳಿಯಲಿಲ್ಲ.

ಆ ವರ್ಷದ ಸಭೆಗೆ ಆಚಾರ್ಯರು ನನ್ನನ್ನೂ ಕರೆದುಕೊಂಡು ಹೋದರು. ಪುಸ್ತಕ ಬಿಡುಗಡೆಯಾಗಿ, ಹೊಗಳಿಕೆಯೆಲ್ಲ ಮುಗಿದ ಮೇಲೆ ಎದ್ದು ನಿಂತು, ಈ ಎಂಟೂ ನನ್ನ ಶ್ಲೋಕಗಳು, ಬಾಗಿಲು ಕಾಯುವವನು ಮಾಯೆಯಲ್ಲ, ಅಣೆಕಟ್ಟಿನ ಇಂಜಿನಿಯರು ಎಂದರು. ಅವರು ಕಾದಿದ್ದ ಮುಖಗಳು ಕಾಣಿಸಲಿಲ್ಲ. ಹೋದ ವರ್ಷ ಪ್ರಾಚೀನ ಎಂದಿರಿ, ಈ ವರ್ಷ ನಿಮ್ಮದು ಎನ್ನುತ್ತೀರಿ, ಮುಂದಿನ ವರ್ಷ ಏನನ್ನುತ್ತೀರಿ ಎಂದು ಹಿರಿಯರೊಬ್ಬರು ಕೇಳಿದರು. ಆಗ ಅಧ್ಯಕ್ಷರ ಪೀಠದಿಂದ ಬದರೀನಾರಾಯಣರು ಅಂತ್ಯಾಕ್ಷರಿಯ ಕತೆ ತೆಗೆದರು. ಬಹಳ ಪ್ರೀತಿಯಿಂದ ಹೇಳಿದರು, ಅದೇ ಅವರ ಜಾಣತನ. ನಮ್ಮ ವ್ಯಾಸುವಿಗೆ ಮೊದಲಿನಿಂದಲೂ ಈ ಅಭ್ಯಾಸ, ಆಗ ತನ್ನದನ್ನು ಹಳಬರದು ಎನ್ನುತ್ತಿದ್ದ, ಈಗ ಹಳಬರದನ್ನು ತನ್ನದು ಎನ್ನುತ್ತಿದ್ದಾನೆ, ವಯಸ್ಸಾಯಿತು ಎಂದರು. ಸಭೆ ಕರುಣೆಯಿಂದ ನಕ್ಕಿತು.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತೆ. "ಬಸ್ಸಲ್ಲಿ ನನ್ನ ಪಕ್ಕದಲ್ಲೇ ಕುಂತ್ಕಂಡು ಕಟ್ಟವ್ರೆ ಸ್ವಾಮಿ. ಒಂದೊಂದು ಸಾಲನ್ನೂ ನಾನು ಕಿವಿಯಾರ ಕೇಳಿವ್ನಿ" ಎಂದೆ. ಸಿಟ್ಟಿನಲ್ಲಿ ನನ್ನ ಬಾಯಿಗೆ ಹುಟ್ಟೂರು ಹದಿನಾರಿನ ಮಾತೇ ಬಂದುಬಿಟ್ಟಿತ್ತು. ಹಿರಿಯರು ನಯವಾಗಿ, ತಮಗೆ ಸಂಸ್ಕೃತ ಬರುತ್ತದೆಯೋ ಎಂದು ಕೇಳಿದರು. ಬರುವುದಿಲ್ಲ ಎಂದೆ. ಮತ್ತೆ ಯಾರೂ ನನ್ನ ಕಡೆ ತಿರುಗಲಿಲ್ಲ. ಊಟದ ಪಂಕ್ತಿಯಲ್ಲಿ ನನಗೆ ಎಲೆ ಎಲ್ಲಿ ಬೀಳುತ್ತದೆಂದು ಗೊತ್ತಿದ್ದವನು ನಾನು, ಸಾಕ್ಷಿಯಲ್ಲಿ ಎಲ್ಲಿ ಬೀಳುತ್ತದೆಂದು ಮೊದಲೇ ತಿಳಿಯಬೇಕಾಗಿತ್ತು.

ನಿಮ್ಮದೇ ಆದರೆ ಇನ್ನೊಂದು ಶ್ಲೋಕ ಕಟ್ಟಿ, ಈಗಲೇ, ಇಲ್ಲೇ ಎಂದರು ಹಿರಿಯರು. ಆಚಾರ್ಯರ ಕೈ ಕಂಬವನ್ನು ಹಿಡಿದಿತ್ತು, ಬೆರಳು ಕುಟ್ಟತೊಡಗಿತು. ಅಷ್ಟು ಜನರ ನಡುವೆ, ಅಷ್ಟು ಸಿಟ್ಟಿನಲ್ಲಿ, ಅವರು ಒಂಬತ್ತನೆಯದನ್ನು ಕಟ್ಟಿದರು. ಅದರ ಅರ್ಥವನ್ನು ಆಮೇಲೆ ನನಗೆ ಹೇಳಿದರು. ಕೊನೆಗೆ ಬಾಗಿಲು ತೆರೆಯುತ್ತದೆ, ತಂಗಿ ಓಡಿಬರುತ್ತಾಳೆ. ಯಾಕಿಷ್ಟು ತಡ ಎಂದು ಅಕ್ಕ ಕೇಳುತ್ತಾಳೆ. ತಂಗಿ ಏನೂ ಹೇಳದೆ ಅಕ್ಕನನ್ನು ತಬ್ಬಿಕೊಳ್ಳುತ್ತಾಳೆ. ಅಲ್ಲಿಂದ ಮುಂದೆ ಸಮುದ್ರದವರೆಗೂ ಅವಳನ್ನು ಯಾರೂ ಅವಳ ಹೆಸರಿನಿಂದ ಕರೆಯುವುದಿಲ್ಲ.

ನರಸೀಪುರದ ಸಂಗಮವನ್ನು ದಿನಾ ಕಂಡವನು ನಾನು. ಅಲ್ಲಿಂದಾಚೆ ಎರಡು ಹೊಳೆಯ ನೀರು ಹರಿಯುತ್ತದೆ, ಹೆಸರು ಒಂದೇ. ಅದು ನನಗೆ ಆವರೆಗೆ ಹೊಳೆದೇ ಇರಲಿಲ್ಲ.

ಹಿರಿಯರು ತಲೆಯಲ್ಲಾಡಿಸಿದರು. ನೋಡಿದಿರಾ, ಆ ಎಂಟಕ್ಕೂ ಇದಕ್ಕೂ ಆಕಾಶ ಭೂಮಿಯ ಅಂತರ, ಪ್ರಾಚೀನರ ಗಾಂಭೀರ್ಯ ಇದರಲ್ಲೆಲ್ಲಿದೆ, ಛಂದಸ್ಸು ಕೂಡಿದ ಮಾತ್ರಕ್ಕೆ ಕಾವ್ಯವಾಗುವುದಿಲ್ಲ ಎಂದರು. ಎಲ್ಲರೂ ಒಪ್ಪಿದರು. ಬದರೀನಾರಾಯಣರು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. ಕಣ್ಣು ಮುಚ್ಚಿಕೊಂಡು ಕೂತಿದ್ದರು. ನಾಚಿಕೆಯೆಂದು ನಾನು ತಿಳಿದೆ.

ಮನೆಗೆ ಬಂದ ಗಂಡನ ಮುಖ ನೋಡಿ ಅಂಬುಜಮ್ಮ ಎಲ್ಲವನ್ನೂ ನನ್ನಿಂದ ಕೇಳಿ ತಿಳಿದುಕೊಂಡರು. ಮಡಿಸಿಟ್ಟಿದ್ದ ಶಾಲನ್ನು ಪೆಟ್ಟಿಗೆಯಿಂದ ತೆಗೆದು, "ಸುಳ್ಳು ಹೇಳಿದ್ದಕ್ಕೆ ಕೊಟ್ಟಿದ್ದಲ್ಲವೇ ಇದು" ಎಂದು ಹೊರಗಿನ ತಂತಿಯ ಮೇಲೆ ಹಾಕಿದರು. ಅದು ಬಿಸಿಲಿಗೆ, ಮಳೆಗೆ ಅಲ್ಲೇ ಬಣ್ಣಗೆಟ್ಟಿತು. ಆಮೇಲೆ ಆಚಾರ್ಯರ ಬೆರಳು ಬಸ್ಸಿನ ಕಂಬಿಯ ಮೇಲೆ ಆಡಲಿಲ್ಲ. ಪಾಠವೂ ನಿಂತಿತು. ಅವರು ಕಿಟಕಿಯ ಹೊರಗೆ ನೋಡುತ್ತಿದ್ದರು, ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ.

ಎಂಬತ್ತನೆಯ ಇಸವಿಯ ಜೂನ್ ತಿಂಗಳಲ್ಲಿ ಹತ್ತನೆಯ ತರಗತಿಗೆ ಹೊಸ ಸಂಸ್ಕೃತ ಪಠ್ಯ ಬಂತು. ಆಚಾರ್ಯರು ಸ್ಟಾಫ್ ರೂಮಿನಲ್ಲಿ ಹಾಳೆ ತಿರುವುತ್ತಿದ್ದವರು ತಟ್ಟನೆ ನಿಂತರು. ಏಳನೆಯ ಪಾಠ 'ನದೀಪ್ರತೀಕ್ಷಾ'. ಪಠ್ಯ ಆರಿಸಿದ ಸಮಿತಿಯಲ್ಲಿ ಬದರೀನಾರಾಯಣರ ಹೆಸರಿತ್ತು. ಆಚಾರ್ಯರು ಶ್ಲೋಕಗಳ ಮೇಲೆ ಬೆರಳಿಟ್ಟು ಎಣಿಸಿದರು, ಪುಸ್ತಕವನ್ನು ನನ್ನ ಮುಂದೆ ತಳ್ಳಿ ನನಗೂ ಎಣಿಸಲು ಹೇಳಿದರು. ನನ್ನ ಲೆಕ್ಕಕ್ಕೂ ಒಂಬತ್ತೇ ಬಂತು. ಸಭೆಯಲ್ಲಿ ಕಾವ್ಯವೇ ಅಲ್ಲ ಎನ್ನಿಸಿಕೊಂಡದ್ದು, ಕೊನೆಗೆ ಲಭ್ಯವಾದ ಒಂಬತ್ತನೆಯ ಶ್ಲೋಕ ಎಂಬ ಟಿಪ್ಪಣಿಯೊಂದಿಗೆ ಅಚ್ಚಾಗಿತ್ತು. ಅಜ್ಞಾತ ಕವಿ, ಹದಿನಾರನೆಯ ಶತಮಾನ.

ಆ ಭಾನುವಾರ ನಾವಿಬ್ಬರೂ ಮೈಸೂರಿಗೆ ಹೋದೆವು. ಕೈ ಮಾಡಿಬಿಡುತ್ತಾರೇನೋ ಎಂಬ ಭಯದಿಂದ ನಾನು ಜೊತೆಗೆ ಹೋದದ್ದು. ಬದರೀನಾರಾಯಣರು ಗೇಟಿಗೇ ಬಂದು, ಬಾರೋ ವ್ಯಾಸು, ಎಂದು ಕೈ ಹಿಡಿದುಕೊಂಡು ಒಳಗೆ ಕರೆದೊಯ್ದರು. ಆಚಾರ್ಯರು ಕೂರಲಿಲ್ಲ. ಒಂಬತ್ತನೆಯದು ಎಲ್ಲಿ ಸಿಕ್ಕಿತು ನಿನಗೆ ಎಂದು ನಿಂತೇ ಕೇಳಿದರು.

"ನಿನ್ನ ಬಾಯಲ್ಲಿ ಸಿಕ್ಕಿತು. ಒಂದು ಸಲ ಕೇಳಿದ್ದು, ಹಾಗೇ ಉಳೀತು. ಎಂಟಕ್ಕಿಂತ ಚೆನ್ನಾಗಿತ್ತು ಕಣೋ. ಬಿಡೋಕ್ಕೆ ಮನಸ್ಸಾಗಲಿಲ್ಲ."

"ಹಾಗಾದ್ರೆ ಎಲ್ಲ ನಂದೇ ಅಂತ ಗೊತ್ತಿತ್ತು ನಿನಗೆ."

"ಮೊದಲನೇದು ಕೇಳಿದಾಗಲೇ ಗೊತ್ತಾಯ್ತು. ಪಾಠಶಾಲೇಲಿ ನಿನ್ನ ಪಕ್ಕ ಕೂತಿದ್ದೋನು ನಾನಲ್ವೇನೋ."

ಆಚಾರ್ಯರು ಕುರ್ಚಿಯಲ್ಲಿ ಕೂತರು. ಎಲ್ಲರ ಮುಂದೆ ಹೇಳು ಅದನ್ನ, ಅಷ್ಟು ಮಾಡು, ಎಂದರು. ಅವರು ಯಾರನ್ನಾದರೂ ಬೇಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಬದರೀನಾರಾಯಣರು ಮೆತ್ತಗೆ, ಮಗುವಿಗೆ ಹೇಳುವ ಹಾಗೆ ಹೇಳಿದರು. "ಹೇಳ್ತೀನಿ. ನಾಳೆಯೇ ಸಮಿತಿಗೆ ಕಾಗದ ಬರೀತೀನಿ, ನನ್ನ ಮಾನ ಹೋದರೆ ಹೋಗಲಿ. ಆಮೇಲೆ ಪಾಠ ತೆಗೆದುಹಾಕ್ತಾರೆ. ನರಸೀಪುರದ ಹೈಸ್ಕೂಲು ಮೇಷ್ಟ್ರು ಬರೆದ ಪದ್ಯಾನ ಯಾರೋ ಪಾಠಕ್ಕೆ ಇಡ್ತಾರೆ? ಈಗ ರಾಜ್ಯದಲ್ಲಿ ಎಷ್ಟು ಮಕ್ಕಳು ಇದನ್ನ ಬಾಯಿಪಾಠ ಮಾಡ್ತಾರೆ ಯೋಚನೆ ಮಾಡು. ಶ್ಲೋಕ ಉಳೀಬೇಕೋ, ನಿನ್ನ ಹೆಸರು ಉಳೀಬೇಕೋ, ನೀನೇ ಹೇಳು. ನೀನು ಹೇಳಿದ ಹಾಗೆ ಮಾಡ್ತೀನಿ."

ಆ ಮನುಷ್ಯ ನಿಜವಾಗಿ ಕಾಗದ ಬರೆಯುತ್ತಿದ್ದರೆಂದು ನಾನು ಈಗಲೂ ನಂಬುವುದಿಲ್ಲ. ಬರೆಯಬೇಕಾದ ಪ್ರಸಂಗ ಬರುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಒಂದೇ ಕೋಣೆಯಲ್ಲಿ ಬೆಳೆದವರು, ಗೆಳೆಯನ ಮರ್ಮ ಎಲ್ಲಿದೆಯೆಂದು ತಿಳಿದೇ ಕೈಯಿಟ್ಟಿದ್ದರು. ಹೆಸರು ಅನ್ನಿ ಆಚಾರ್ರೇ, ಎಂದು ನಾನು ತೊಡೆ ತಿವಿದೆ. ಅವರು ನಸ್ಯದ ಡಬ್ಬಿ ತೆಗೆದರು, ತೆರೆಯದೆ ಮತ್ತೆ ಜೇಬಿಗೆ ಹಾಕಿಕೊಂಡರು. ಏನೂ ಹೇಳದೆ ಎದ್ದುಬಂದರು.

ಏಳನೆಯ ಪಾಠ ಬಂದದ್ದು ದಸರೆ ರಜೆ ಕಳೆದ ಮೇಲೆ. ನಾನು ಈ ಕಡೆ ಕರಿಹಲಗೆಯ ಮೇಲೆ ವೃತ್ತ ಬರೆಯುತ್ತಿದ್ದೆ. ಆ ಕಡೆಯಿಂದ ಆಚಾರ್ಯರ ದನಿ ಬಂತು. ನನ್ನ ಕೈ ನಿಂತಿತು. ಈಗ ಹೇಳುತ್ತಾರೆ, ಕೊನೆಯ ಪಕ್ಷ ತಮ್ಮ ಮಕ್ಕಳಿಗಾದರೂ ಹೇಳುತ್ತಾರೆ ಎಂದು ನಾನು ಸೀಮೆಸುಣ್ಣ ಹಿಡಿದು ಕಾದೆ.

"ಒಂದಂಕದ ಪ್ರಶ್ನೆ. ನದೀಪ್ರತೀಕ್ಷಾ ಬರೆದ ಕವಿ ಯಾರು? ಉತ್ತರ ಬರ್ಕೊಳ್ಳಿ. ಕವಿಯ ಹೆಸರು ತಿಳಿದುಬಂದಿಲ್ಲ."

ಮಕ್ಕಳು ಮೂರು ಸಲ ಕೂಗಿದರು. ಕವಿಯ ಹೆಸರು ತಿಳಿದುಬಂದಿಲ್ಲ. ಮೂರನೆಯ ಸಲ ನನ್ನ ತರಗತಿಯ ಮಕ್ಕಳೂ ದನಿಗೂಡಿಸಿದರು. ಜೀವನದಲ್ಲಿ ಮೊದಲ ಸಲ ನಾನು ಬೆತ್ತವನ್ನು ಮೇಜಿನ ಮೇಲೆ ಬಡಿದು ಅವರ ಬಾಯಿ ಮುಚ್ಚಿಸಿದೆ.

ಸಂಜೆ ಬಸ್ಸಿನಲ್ಲಿ, ಹೀಗೆ ಯಾಕೆ ಮಾಡಿದಿರಿ ಎಂದು ಕೇಳಿದೆ. ಬೇರೆ ಬರೆಸಿದರೆ ಮಕ್ಕಳಿಗೆ ಒಂದು ಮಾರ್ಕು ಹೋಗುತ್ತದೆ ಎಂದರು. ಅಷ್ಟೇ. ಅವರು ಆರಿಸಿಕೊಂಡ ಶ್ಲೋಕವೂ ಬಹಳ ಕಾಲ ಉಳಿಯಲಿಲ್ಲ. ಎರಡು ವರ್ಷ ಕಳೆಯುವುದರೊಳಗೆ, ಸಂಸ್ಕೃತ ಪ್ರಥಮ ಭಾಷೆಯಾಗಿರಬೇಕೇ ಬೇಡವೇ ಎಂದು ರಾಜ್ಯವೇ ಬೀದಿಗಿಳಿಯಿತು. ನಮ್ಮ ಸ್ಕೂಲಿನಲ್ಲಿ ಅಂಕಕ್ಕಾಗಿ ಬಂದವರು ಬಂದ ಹಾಗೆಯೇ ಹೋದರು, ಪುಸ್ತಕ ಬದಲಾಯಿತು, ಏಳನೆಯ ಪಾಠ ರದ್ದಿಗೆ ಹೋಯಿತು. ಆಚಾರ್ಯರು ಎಂಬತ್ತೈದರಲ್ಲಿ ತೀರಿಕೊಂಡರು. ಮಠದ ಸಭೆ ಈಗಲೂ ನಡೆಯುತ್ತದೆ, ನಾನು ಆ ಬೀದಿಯಲ್ಲಿ ಹೋಗುವುದಿಲ್ಲ.

ಆದರೆ ಆ ಪಾಠ ಬಂದ ಮೊದಲ ವರ್ಷದ ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದೇ ಬಂದಿತ್ತು. ಸಂಸ್ಕೃತದ ಪರೀಕ್ಷೆ ಮುಗಿಯುವ ಹೊತ್ತಿಗೆ ಆಚಾರ್ಯರು ಸ್ಕೂಲಿನ ಗೇಟಿನ ಹತ್ತಿರ ಬಿಸಿಲಿನಲ್ಲಿ ನಿಂತಿದ್ದರು. ಹೊರಗೆ ಬಂದ ಒಬ್ಬೊಬ್ಬರನ್ನೂ ತಡೆದು, ಪ್ರಶ್ನೆಪತ್ರಿಕೆ ಇಸಿದುಕೊಂಡು, ಆ ಒಂದು ಪ್ರಶ್ನೆಯ ಮೇಲೆ ಬೆರಳಿಟ್ಟು ಏನು ಬರೆದೆ ಎಂದು ಕೇಳುತ್ತಿದ್ದರು. ಯಾರಾದರೂ ಒಬ್ಬರು ತಪ್ಪು ಬರೆದಿರಲಿ ಎಂದು ಅವರು ಆಸೆಪಟ್ಟಿದ್ದರೇ, ನಾನು ಕೇಳಲಿಲ್ಲ. ಬನ್ನೂರಿನ ಕಬ್ಬಿನ ಗದ್ದೆಯವರ ಹುಡುಗಿಯೊಬ್ಬಳು ಕೊನೆಗೆ ಬಂದಳು. ತರಗತಿಗೇ ಜಾಣೆ ಅವಳು.

"ಯಾರು ಬರೆದಿದ್ದು ಅಂತ ಬರೆದೆ, ಮಗು?"

"ಯಾರು ಅಂತ ಗೊತ್ತಿಲ್ಲ ಅಂತ ಬರ್ದೆ ಸಾ."

"ಸರಿಯಾಗಿ ಬರೆದಿದ್ದೀಯ" ಎಂದು ಅವಳ ಪ್ರಶ್ನೆಪತ್ರಿಕೆಯನ್ನು ಮಡಿಸಿ ಅವಳ ಕೈಗೇ ಕೊಟ್ಟರು. "ಹೋಗು, ಬಸ್ಸು ತಪ್ಪೀತು."